ಕಾರ್ ಡಿಸ್‌ಪ್ಲೇಯ ಮೆಮೊರಿ ಚಿಪ್ ಓದಲು ಯಾವ ಪ್ರೋಗ್ರಾಮರ್ ತಗೊಳ್ಳಲಿ?

ದಾವಣಗೆರೆಯಿಂದ ಒಬ್ಬರು ಕೇಳಿದ್ದು:
ನಮ್ಮ ಕಾರಿನ ಬ್ಯಾಟರಿ ಇಳಿದಿತ್ತು, ಪಕ್ಕದವರ ಗಾಡಿಯಿಂದ ಜಂಪ್ ಸ್ಟಾರ್ಟ್ ಮಾಡಿದೆವು. ಅವತ್ತಿನಿಂದ ಡಿಸ್‌ಪ್ಲೇ ಲೋಗೋ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ತೋರಿಸಿದ ಕಡೆ ಪೂರ್ತಿ ಯುನಿಟ್ ಬದಲಿಸಬೇಕು ಅಂದರು. ಬಿಚ್ಚಿ ನೋಡಿದರೆ ಎಂಟು ಕಾಲಿನ ಒಂದು ಚಿಪ್ ಇದೆ, ಮೇಲೆ 25 ಅನ್ನುವ ನಂಬರ್ ಕಾಣುತ್ತದೆ. ಅದನ್ನು ಓದಿ ಬ್ಯಾಕಪ್ ತೆಗೆದಿಟ್ಟುಕೊಂಡು, ಅದೇ ಮಾದರಿಯ ಚೆನ್ನಾಗಿರುವ ಬೋರ್ಡಿನ ಜೊತೆ ಹೋಲಿಸಿ ನೋಡಬೇಕು ಅಂತಿದ್ದೇನೆ. ಪ್ರೋಗ್ರಾಮರ್‌ಗಳು, ಅಂದರೆ ಚಿಪ್ ಓದಿ ಬರೆಯುವ ಸಾಧನಗಳು, ಕೆಲವು ನೂರು ರೂಪಾಯಿಯಿಂದ ಹಿಡಿದು ಸಾವಿರಾರು ರೂಪಾಯಿವರೆಗೂ ಇವೆ. ಬಳಸಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಬೋರ್ಡ್ ರಿಪೇರಿ ಮಾಡುವವರು:
ಸರ್, ದುಡ್ಡು ಕೊಡುವ ಮೊದಲು ಚಿಪ್ ಮೇಲಿನ ನಂಬರ್ ಪೂರ್ತಿ ಓದಿ. ಪ್ರೋಗ್ರಾಮರ್ ಯಾವುದು ಅನ್ನೋದನ್ನು ಚಿಪ್ಪೇ ಹೇಳುತ್ತದೆ. ಕಾರಿನ ಬೋರ್ಡಿನ ಮೇಲೆ ತೇವ ತಾಗದಿರಲಿ ಅಂತ ವಾರ್ನಿಶ್ ತರಹದ ಪದರ ಬಳಿದಿರುತ್ತಾರೆ, ಅದರಡಿ ಅಕ್ಷರ ಮಸುಕಾಗಿ ಕಾಣುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಹಾಗೇ ಕಾಲುಗಳ ಮೇಲಿನ ಪದರವನ್ನೂ ತೆಗೆಯಿರಿ, ಇಲ್ಲದಿದ್ದರೆ ಚಿಪ್ಪಿನ ಕಾಲುಗಳನ್ನು ಕಚ್ಚಿ ಹಿಡಿಯುವ ಪ್ರೋಗ್ರಾಮರಿನ ಕ್ಲಿಪ್ ಹಾಕಿದರೂ ಸಂಪರ್ಕ ಸಿಗುವುದಿಲ್ಲ.

25 ಅಂದರೆ ಸಾಮಾನ್ಯವಾಗಿ ಎಸ್‌ಪಿಐ ಫ್ಲ್ಯಾಶ್, ಕೆಲವೇ ತಂತಿಗಳಲ್ಲಿ ಡೇಟಾ ಕಳಿಸುವ ಮೆಮೊರಿ. 24 ಅಂತಿದ್ದರೆ ಐ2ಸಿ ಅನ್ನುವ ಎರಡು ತಂತಿಯ ಮಾದರಿಯ ಚಿಕ್ಕ ಈಪ್ರಾಮ್, ಅಂದರೆ ಸೆಟ್ಟಿಂಗ್‌ನಂಥ ಸ್ವಲ್ಪ ಡೇಟಾ ಇಡುವ ಮೆಮೊರಿ. ಇವೆರಡಕ್ಕೂ ಕಡಿಮೆ ಬೆಲೆಯ ಸಿಎಚ್341ಎ ಪ್ರೋಗ್ರಾಮರ್ ಸಾಕು, ಇಲ್ಲಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಕೇಳಿ ನೋಡಬಹುದು. ಆದರೆ ಕಾರುಗಳಲ್ಲಿ 93, 95 ಸರಣಿಯ ಈಪ್ರಾಮ್‌ಗಳೂ ಜಾಸ್ತಿ. ಮುಂದೆಯೂ ಇಂಥ ಕೆಲಸ ಮಾಡುವ ಯೋಚನೆ ಇದ್ದರೆ ಎಕ್ಸ್‌ಜಿಕ್ಯೂ ಟಿ48 ಅನ್ನುವ ಪ್ರೋಗ್ರಾಮರ್ ತಗೊಳ್ಳಿ ಅಂತೀನಿ. ಈ ಸರಣಿಗಳೆಲ್ಲ ಅದರಲ್ಲೇ ಆಗುತ್ತವೆ. ಹಳೆಯ ಡಿಸ್‌ಪ್ಲೇಗಳಲ್ಲಿ ಬರುವ 48 ಕಾಲಿನ ಪ್ಯಾರಲಲ್ ಫ್ಲ್ಯಾಶ್ ಕೂಡ ಸರಿಯಾದ ಅಡಾಪ್ಟರ್ ಇದ್ದರೆ ಓದಬಹುದು. ಒಂದೇ ಒಂದು ಡಿಸ್‌ಪ್ಲೇಗಾಗಿ ಅಷ್ಟು ಖರ್ಚು ಬೇಡ.

ಇನ್ನು ಓದುವ ವಿಷಯ. ಚಿಪ್ ಬೋರ್ಡಿನ ಮೇಲಿರುವಾಗಲೇ ಕ್ಲಿಪ್ ಹಾಕಿದರೆ ಪ್ರೋಗ್ರಾಮರ್ ಕೊಡುವ ಕರೆಂಟು ಚಿಪ್ಪಿಗಷ್ಟೇ ಹೋಗುವುದಿಲ್ಲ, ಬೋರ್ಡಿಗೆಲ್ಲ ಹರಿಯುತ್ತದೆ. ಆಗ ಪ್ರೊಸೆಸರ್ ಅರ್ಧಂಬರ್ಧ ಎದ್ದು ತಾನೂ ಅದೇ ಚಿಪ್ಪನ್ನು ಓದಲು ಹೊರಡುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿದ ಹಾಗೆ, ಒಂದು ಸಲ ಬಂದ ಫೈಲ್ ಇನ್ನೊಂದು ಸಲ ಬರುವುದಿಲ್ಲ. ಅದಕ್ಕೇ ಮೂರು ಸಲ ಓದಿ, ಪ್ರತಿ ಸಲ ಕ್ಲಿಪ್ ತೆಗೆದು ಮತ್ತೆ ಹಾಕಿ, ಮೂರು ಫೈಲನ್ನೂ ಹೋಲಿಸಿ. ಒಂದು ಬೈಟ್ ವ್ಯತ್ಯಾಸ ಇದ್ದರೂ ಅದನ್ನು ಬ್ಯಾಕಪ್ ಅಂತ ನಂಬಬೇಡಿ, ಬೆಸುಗೆ ಕರಗಿಸುವ ಹಾಟ್ ಏರ್ ಮೆಷಿನ್‌ನಿಂದ ಚಿಪ್ ಬಿಡಿಸಿ ಸಾಕೆಟ್‌ನಲ್ಲಿಟ್ಟು ಓದಿ. ಫೈಲ್ ತುಂಬಾ ಬರೀ ಎಫ್‌ಎಫ್ ಅಥವಾ ಬರೀ 00 ಬಂದರೆ ಚಿಪ್ ಖಾಲಿ ಅಂದುಕೊಳ್ಳಬೇಡಿ, ಹೆಚ್ಚಿನ ಸಲ ಕ್ಲಿಪ್ ಸರಿಯಾಗಿ ಕೂತಿರುವುದಿಲ್ಲ.

ಮೈಸೂರಿನಿಂದ:
ಮೇಲಿನವರು ವೋಲ್ಟೇಜ್ ವಿಷಯ ಬಿಟ್ಟರು, ನಾನು ಪೆಟ್ಟು ತಿಂದಿದ್ದು ಅಲ್ಲೇ. ಕಪ್ಪು ಬಣ್ಣದ ಮಾಮೂಲಿ ಸಿಎಚ್341ಎ ಬೋರ್ಡಿನಲ್ಲಿ ಚಿಪ್ಪಿಗೆ ಹೋಗುವ ಕರೆಂಟು 3.3 ವೋಲ್ಟ್ ಇದ್ದರೂ ಡೇಟಾ ಕಾಲುಗಳಲ್ಲಿ 5 ವೋಲ್ಟ್ ಬರುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿ, ಕಾಣುತ್ತದೆ. ಎಷ್ಟೋ ಚಿಪ್‌ಗಳು ಸಹಿಸಿಕೊಳ್ಳುತ್ತವೆ, ಆದರೆ 1.8 ವೋಲ್ಟ್ ಚಿಪ್ ಹಾಗಲ್ಲ. ನಂದು ಅದೇ ಆಗಿತ್ತು, ವೋಲ್ಟೇಜ್ ಇಳಿಸುವ ಅಡಾಪ್ಟರ್ ಇಲ್ಲದೆ ಹಾಕಿದೆ, ಆಮೇಲೆ ಅದು ಯಾವ ಪ್ರೋಗ್ರಾಮರ್‌ಗೂ ಉತ್ತರ ಕೊಡಲಿಲ್ಲ. ಒಳಗಿದ್ದ ಡೇಟಾ ಬೇರೆಲ್ಲೂ ಇರಲಿಲ್ಲ, ಇವತ್ತಿಗೂ ಬೇಜಾರಿದೆ. ವಿನ್‌ಬಾಂಡ್ ಚಿಪ್ ಆದರೆ ನಂಬರಿನ ಕೊನೆ ನೋಡಿ. ಡಬ್ಲ್ಯೂ25ಕ್ಯೂ64ಜೆವಿ ಅಂದರೆ 3.3 ವೋಲ್ಟ್, ಎಫ್‌ಡಬ್ಲ್ಯೂ ಅಂದರೆ 1.8. ವೋಲ್ಟೇಜ್ ಬದಲಿಸುವ ಸ್ವಿಚ್ ಇರುವ ಹೊಸ ಮಾದರಿ ಸಿಗುತ್ತದೆ, ಸ್ವಲ್ಪ ಜಾಸ್ತಿ ಆದರೂ ಅದನ್ನೇ ತಗೊಳ್ಳಿ.

ಕ್ಯಾಲಿಫೋರ್ನಿಯಾದಿಂದ ಒಬ್ಬ ಕನ್ನಡಿಗ:
ಎಂಟು ಕಾಲಿನ ಚಿಪ್ಪಿನಲ್ಲಿ ಬೂಟ್ ಭಾಗ ಮಾತ್ರ ಇದ್ದು, ಉಳಿದಿದ್ದೆಲ್ಲ ಇಎಂಎಂಸಿ ಅನ್ನುವ, ಹೆಚ್ಚು ಡೇಟಾ ಹಿಡಿಯುವ ಇನ್ನೊಂದು ಮೆಮೊರಿ ಚಿಪ್ಪಿನಲ್ಲಿ ಇರಬಹುದು, ಅದನ್ನೂ ನೋಡಿ. ಅದು ಕಾಲೇ ಕಾಣದ ಚೌಕದ ಚಿಪ್, ಅಡಿಯಲ್ಲಿ ಬೆಸುಗೆಯ ಗುಂಡುಗಳಿರುತ್ತವೆ. ಲೋಗೋದಲ್ಲೇ ನಿಂತರೆ ನನಗೆ ಮೊದಲ ಅನುಮಾನ ಅದರ ಮೇಲೆಯೇ. ಇಲ್ಲಿ 2021ರಲ್ಲಿ ಟೆಸ್ಲಾ ಸುಮಾರು 1,35,000 ಕಾರುಗಳನ್ನು ಇದಕ್ಕಾಗಿಯೇ ವಾಪಸ್ ಕರೆಯಿತು. 2018ರವರೆಗಿನ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳವು. ಡಿಸ್‌ಪ್ಲೇ ಹಿಂದಿನ 8 ಜಿಬಿ ಇಎಂಎಂಸಿ ಪದೇ ಪದೇ ಬರೆದು ಅಳಿಸಿ ಸವೆದುಹೋಗಿತ್ತು. ಅಂಥದ್ದಕ್ಕೆ ಸಿಎಚ್341ಎ ನಡೆಯುವುದಿಲ್ಲ, ಟಿ48 ಅಥವಾ ಟಿ56 ಜೊತೆಗೆ ಅಡಾಪ್ಟರ್ ಬೇಕು. ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಮೊಬೈಲ್ ಬೋರ್ಡ್ ರಿಪೇರಿ ಮಾಡುವವರ ಕೈಗೆ ಕೊಡುವುದೇ ವಾಸಿ, ಅವರಿಗೆ ಈ ಚಿಪ್ ದಿನದ ಕೆಲಸ.

ದಾವಣಗೆರೆಯವರು, ಹತ್ತು ದಿನ ಬಿಟ್ಟು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒರೆಸಿದ ಮೇಲೆ ಕೊನೆಯಲ್ಲಿ ಜೆವಿ ಅಂತ ಕಾಣಿಸಿತು. ಸ್ವಿಚ್ ಇರುವ ಸಿಎಚ್341ಎ ತರಿಸಿ 3.3ಕ್ಕೆ ಇಟ್ಟೆ. ಕ್ಲಿಪ್ ಹಾಕಿ ಓದಿದರೆ ಚಿಪ್ ತನ್ನ ಗುರುತಾಗಿ ಕೊಡುವ ಐಡಿ ಒಂದು ಸಲ ಇಎಫ್ 40 17 ಅಂತ ಬಂತು, ಇನ್ನೊಂದು ಸಲ ಬರೀ ಎಫ್‌ಎಫ್. ಮೂರು ಫೈಲೂ ಬೇರೆ ಬೇರೆ. ಕೊನೆಗೆ ನಮ್ಮೂರಿನ ಮೊಬೈಲ್ ಅಂಗಡಿಯ ಹುಡುಗ ಚಿಪ್ ಬಿಡಿಸಿಕೊಟ್ಟ. ಸಾಕೆಟ್‌ನಲ್ಲಿಟ್ಟು ಮೂರು ಸಲ ಓದಿದೆ, ಮೂರೂ ಒಂದೇ, 83,88,608 ಬೈಟ್. ಇನ್ನೊಂದು ಬೋರ್ಡ್ ಭಾನುವಾರ ಸಿಗುತ್ತದೆ.

ಬೆಂಗಳೂರಿನವರು:
ಸಂತೋಷ ಆಯ್ತು ಸರ್. ಚಿಪ್ ನಂಬರಿನಲ್ಲಿರುವ 64 ಅಂದರೆ 64 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 8 ಎಂಬಿ, ನಿಮ್ಮ ಫೈಲ್ ಅಳತೆ ಸರಿಯಾಗಿದೆ. ಆ ಬೋರ್ಡಿನ ಫೈಲನ್ನು ಪೂರ್ತಿ ನಿಮ್ಮ ಚಿಪ್ಪಿಗೆ ಬರೆಯಬೇಡಿ, ಅದರಲ್ಲಿ ಆ ಕಾರಿನ ಚಾಸಿ ನಂಬರು, ಸೀರಿಯಲ್, ಟಚ್ ಸೆಟ್ಟಿಂಗ್ ಇರಬಹುದು. ಎರಡನ್ನೂ ಫೈಲಿನ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಅಕ್ಕಪಕ್ಕ ಇಟ್ಟು, ಯಾವ ವಿಳಾಸದಿಂದ ವ್ಯತ್ಯಾಸ ಶುರುವಾಗುತ್ತದೆ ಅನ್ನೋದನ್ನು ಇಲ್ಲಿ ಹಾಕಿ. ಬರೆಯುವುದಾದರೆ ಹೊಸ ಚಿಪ್ ತಂದು ಅದಕ್ಕೆ ಬರೆಯಿರಿ, ಹಳೆಯದನ್ನು ಹಾಗೇ ಡಬ್ಬಿಯಲ್ಲಿಡಿ.