ಸಹಾಯ ಬೇಕು: ಬನಶಂಕರಿ ಕಡೆ ಮಕ್ಕಳನ್ನು ಕರೆದುಕೊಂಡು ಹೋಗುವಂಥ ಲೈಬ್ರರಿ

ಎಲ್ಲರಿಗೂ ನಮಸ್ಕಾರ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗಳು ಮೂರನೇ ಕ್ಲಾಸು, ಮಗನಿಗೆ ನಾಲ್ಕು ವರ್ಷ. ಆಸ್ತಿ ತೆರಿಗೆ ಜೊತೆ ಶೇ. 6 ಗ್ರಂಥಾಲಯ ಕರ ಹೇಗೂ ಕಟ್ಟುತ್ತೇವೆ, ಉಪಯೋಗಿಸೋಣ ಅಂತ ಹೊರಟೆವು.

ನಮ್ಮ ಏರಿಯಾದ ಶಾಖೆ ತುಂಬ ಪೇಪರ್ ಓದುವ ಹಿರಿಯರು, ಪರೀಕ್ಷೆಗೆ ಓದುವ ಹುಡುಗರು. ಮಗ ಕುರ್ಚಿ ಎಳೆದ ಸದ್ದಿಗೇ ಎಲ್ಲರೂ ತಲೆ ಎತ್ತುತ್ತಾರೆ. ಅವರದ್ದೂ ತಪ್ಪಲ್ಲ ಬಿಡಿ. ಮಕ್ಕಳ ಪುಸ್ತಕ ಇರುವುದು ಒಂದೇ ಬೀರು, ಅದಕ್ಕೂ ಬೀಗ! ಕಬ್ಬನ್ ಪಾರ್ಕಿನ ಮಕ್ಕಳ ಲೈಬ್ರರಿ ನಮಗೆ ದೂರ. ಸರ್ಕಾರದ ಡಿಜಿಟಲ್ ಲೈಬ್ರರಿ ಇದೆ, ಆದರೆ ಕೈಗೆ ಮೊಬೈಲ್ ಕೊಡೋಕೆ ಮನಸ್ಸಿಲ್ಲ.

ಭಾನುವಾರ ತೆರೆದಿರುವ, ಮಕ್ಕಳು ಕೂರಲು ಜಾಗ ಇರುವ ಶಾಖೆ ಹತ್ತಿರದಲ್ಲಿ ಯಾವುದಾದರೂ ಇದೆಯಾ? ಇನ್ನೊಂದು, ಕಾರ್ಡ್ ನನ್ನ ಹೆಸರಲ್ಲಿದ್ದರೆ ನಮ್ಮತ್ತೆ ಹೋಗಿ ಪುಸ್ತಕ ಬದಲಾಯಿಸಬಹುದಾ? ಅವರಿಗೆ ಪುರುಸೊತ್ತು ಜಾಸ್ತಿ.