ಅಪ್ಪ-ಅಮ್ಮನನ್ನು ಐರ್ಲೆಂಡ್‌ನ ಕೋವ್ ಊರಿಗೆ ಕರೆದುಕೊಂಡು ಹೋಗಬೇಕು, ಹೋಗಿ ಬಂದವರು ಹೇಳ್ತೀರಾ?

ಡಬ್ಲಿನ್‌ನಿಂದ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಪ್ಪ-ಅಮ್ಮ ಮೈಸೂರಿನಿಂದ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾರೆ. ಅಪ್ಪನಿಗೆ 71 ವರ್ಷ, ಅಮ್ಮನಿಗೆ ಮಂಡಿನೋವು. ಡಬ್ಲಿನ್ ಆದ ಮೇಲೆ ಒಂದು ಸಣ್ಣ, ಹಳೆಯ ಸಮುದ್ರದಂಡೆಯ ಊರು ತೋರಿಸಬೇಕು ಅಂತ ಆಸೆ. ಕಾರ್ಕ್ ಹತ್ತಿರದ ಕೋವ್ ಚೆನ್ನಾಗಿದೆ ಅಂತ ಆಫೀಸಿನಲ್ಲಿ ಹೇಳಿದರು. ನನ್ನ ಹತ್ತಿರ ಕಾರಿಲ್ಲ. ಒಂದು ದಿನ ಸಾಕಾ, ಉಳಿಯಬೇಕಾ? ಏರು ಜಾಸ್ತಿಯಂತೆ, ಅಮ್ಮನಿಗೆ ಆಗುತ್ತಾ? ಊಟಕ್ಕೆ ಏನು ಮಾಡೋದು? ಇಬ್ಬರೂ ಮೊಟ್ಟೆ ಕೂಡ ತಿನ್ನುವುದಿಲ್ಲ.

ಕಾರ್ಕ್‌ನಿಂದ

ಖಂಡಿತ ಕರೆದುಕೊಂಡು ಬನ್ನಿ. ನಾನು ಇಲ್ಲಿಗೆ ಬಂದು ಆರು ವರ್ಷ ಆಯಿತು. ಊರಿಂದ ಯಾರೇ ಬರಲಿ, ಮೊದಲು ಕೋವ್‌ಗೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಅತ್ತೆಯೂ ಮಂಡಿನೋವು ಇಟ್ಟುಕೊಂಡೇ ನೋಡಿ ಬಂದರು.

ಮೊದಲು ಹೆಸರಿನ ವಿಷಯ. ಇಂಗ್ಲಿಷಿನಲ್ಲಿ ಕೊನೆಗೆ ಬಿ, ಎಚ್ ಬರುತ್ತದೆ. ಅದಕ್ಕೆ ನಮ್ಮವರು ‘ಕೋಬ್’ ಅನ್ನುತ್ತಾರೆ. ಅದು ‘ಕೋವ್’. ಇಂಗ್ಲಿಷಿನ ಕೋವ್ ಅನ್ನುವ ಪದವನ್ನೇ ಐರಿಷ್ ರೀತಿಯಲ್ಲಿ ಬರೆದಿದ್ದಾರೆ, ಅಷ್ಟೇ. 1849ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಊರಿಗೆ ಕ್ವೀನ್ಸ್‌ಟೌನ್ ಅಂತ ಹೆಸರಿಟ್ಟರು. ಬ್ರಿಟಿಷರ ಆಳ್ವಿಕೆ ಮುಗಿಯುವ ಹೊತ್ತಿಗೆ ಹಳೆಯ ಹೆಸರೇ ಮತ್ತೆ ಬಂತು. ಟೈಟಾನಿಕ್ ಕಥೆಯಲ್ಲಿ ಬರುವ ಕ್ವೀನ್ಸ್‌ಟೌನ್ ಇದೇ ಊರು. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ, ಅಲ್ಲಿ ಬೋರ್ಡುಗಳನ್ನು ಓದುವಾಗ ಗೊಂದಲ ಆಗುವುದಿಲ್ಲ.

ಕಾರು ಬೇಡವೇ ಬೇಡ. ಡಬ್ಲಿನ್ ಹ್ಯೂಸ್ಟನ್ ಸ್ಟೇಷನ್ನಿನಿಂದ ಕಾರ್ಕ್ ಕೆಂಟ್ ಸ್ಟೇಷನ್ನಿಗೆ ಸುಮಾರು ಎರಡೂವರೆ ಗಂಟೆ. ಅಲ್ಲೇ ರೈಲು ಬದಲಿಸಿದರೆ ಕೋವ್‌ಗೆ 25 ನಿಮಿಷ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಊರು ಇರುವುದು ಗ್ರೇಟ್ ಐಲೆಂಡ್ ಅನ್ನುವ ದ್ವೀಪದ ಮೇಲೆ. ರೈಲು ಸೇತುವೆ ದಾಟಿ, ನೀರಿನ ಪಕ್ಕದಲ್ಲೇ ಸಾಗುತ್ತದೆ. ನಮ್ಮ ಅತ್ತೆಗೆ ಊರಿಗಿಂತ ಈ ರೈಲೇ ಇಷ್ಟ ಆಗಿತ್ತು.

ಈಗ ಏರಿನ ವಿಷಯ. ಊರು ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೂತಿದೆ. ಆದರೆ ನೀರಿನ ಪಕ್ಕದ ರಸ್ತೆ ಸಮತಟ್ಟು. ಸ್ಟೇಷನ್ನಿಗೆ ಅಂಟಿಕೊಂಡೇ ಹೆರಿಟೇಜ್ ಸೆಂಟರ್ ಇದೆ. ಅಲ್ಲಿಂದ ದಡದ ಉದ್ದಕ್ಕೆ ನಿಧಾನವಾಗಿ ನಡೆದರೆ ಬ್ಯಾಂಡ್ ಸ್ಟ್ಯಾಂಡ್ ಇರುವ ಪಾರ್ಕು, ಕೇಸ್‌ಮೆಂಟ್ ಚೌಕ, ಟೈಟಾನಿಕ್ ಮ್ಯೂಸಿಯಂ ಎಲ್ಲ ಸಿಗುತ್ತವೆ. ಕೂರುವುದಕ್ಕೆ ಬೆಂಚುಗಳಿವೆ. ಏರು ಇರುವುದು ಸೇಂಟ್ ಕೋಲ್ಮನ್ಸ್ ಕೆಥೆಡ್ರಲ್‌ಗೆ ಮಾತ್ರ. ಅದಕ್ಕೆ ಟ್ಯಾಕ್ಸಿ ಮಾಡಿ. ಹತ್ತುವುದಕ್ಕೆ ಟ್ಯಾಕ್ಸಿ, ಇಳಿಯುವಾಗ ನಡೆದರಾಯಿತು ಅಂತ ನಾವೂ ಅಂದುಕೊಂಡೆವು. ತಪ್ಪಾಯಿತು. ಮಂಡಿಗೆ ಇಳಿಯುವುದೇ ಜಾಸ್ತಿ ಕಷ್ಟ. ಹೋಗಿ ಬರಲು ಎರಡಕ್ಕೂ ಟ್ಯಾಕ್ಸಿ ಹೇಳಿ.

ಕೆಥೆಡ್ರಲ್ ಮಾತ್ರ ಬಿಡಬೇಡಿ. 1868ರಲ್ಲಿ ಶುರುವಾದ ಕೆಲಸ ಮುಗಿದದ್ದು 1919ರಲ್ಲಿ. ಗೋಪುರದಲ್ಲಿ 49 ಗಂಟೆಗಳಿವೆ. ಅವುಗಳಲ್ಲಿ ರಾಗವನ್ನೇ ನುಡಿಸುತ್ತಾರೆ. ಬೇಸಿಗೆಯ ಭಾನುವಾರ ಮಧ್ಯಾಹ್ನದ ಮೇಲೆ ಕಚೇರಿ ಇರುತ್ತದೆ. ಕೆಳಗೆ ನೀರಿನ ಪಕ್ಕ ಕೂತರೂ ಚೆನ್ನಾಗಿ ಕೇಳುತ್ತದೆ. ಸಾಧ್ಯವಾದರೆ ನಿಮ್ಮ ಪ್ರವಾಸ ಭಾನುವಾರಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಸಮಯವನ್ನು ಒಮ್ಮೆ ಕೇಳಿಕೊಂಡು ಹೋಗಿ.

ಲಿಮರಿಕ್‌ನಿಂದ

ರೂಮಿನ ಬಗ್ಗೆ ನಮ್ಮ ಅನುಭವ ಹೇಳುತ್ತೇನೆ. ಸಮುದ್ರ ಕಾಣುವ ರೂಮು ಅಂತ ಖುಷಿಯಿಂದ ಬುಕ್ ಮಾಡಿದೆವು. ಹೋಗಿ ನೋಡಿದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಕಿರಿದಾದ ಮೆಟ್ಟಿಲು. ನಮ್ಮ ಮಾವನವರು ಒಂದೊಂದು ಮಹಡಿಗೂ ನಿಂತು ನಿಂತು ಹತ್ತಿದರು. ನನಗೆ ಕಣ್ಣಲ್ಲಿ ನೀರೇ ಬಂತು. ಅಲ್ಲಿನ ಕಟ್ಟಡಗಳಲ್ಲಿ ಬಹಳಷ್ಟು ಹಳೆಯವು. ಬುಕ್ ಮಾಡುವ ಮುಂಚೆ ಫೋನ್ ಮಾಡಿ, ಲಿಫ್ಟ್ ಇದೆಯಾ, ನೆಲಮಹಡಿಯಲ್ಲಿ ರೂಮು ಇದೆಯಾ ಅಂತ ಬಾಯಿಬಿಟ್ಟು ಕೇಳಿ.

ಆದರೆ ಒಂದು ರಾತ್ರಿ ಉಳಿಯಲೇಬೇಕು ಅಂತ ನನ್ನ ಅಭಿಪ್ರಾಯ. ದೊಡ್ಡ ಕ್ರೂಸ್ ಹಡಗು ಬಂದ ದಿನ ಹಗಲು ಜನವೋ ಜನ. ಸಂಜೆ ಅವರೆಲ್ಲ ಹೋದ ಮೇಲೆ ಊರು ಸುಮ್ಮನಾಗುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕು ಇರುತ್ತದೆ. ಊಟ ಮುಗಿಸಿ ದಡದಲ್ಲಿ ಕೂತುಕೊಳ್ಳಬಹುದು.

ಊಟಕ್ಕೆ: ಕೆಫೆಗಳಲ್ಲಿ ಸೂಪು, ಬ್ರೌನ್ ಬ್ರೆಡ್ ಸಿಗುತ್ತದೆ. ತರಕಾರಿ ಸೂಪಿಗೂ ಕೆಲವು ಕಡೆ ಕೋಳಿ ಬೇಯಿಸಿದ ನೀರು ಹಾಕುತ್ತಾರೆ, ಕೇಳಿ ತೊಗೊಳ್ಳಿ. ಆಲೂ ಚಿಪ್ಸ್ ಕೂಡ ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು. ಸ್ಕೋನ್‌ಗೆ ಮೊಟ್ಟೆ ಹಾಕುವವರಿದ್ದಾರೆ. ನಾವು ಚಪಾತಿ ಮಾಡಿಕೊಂಡು ಹೋಗಿದ್ದೆವು. ರೂಮಿನ ಕೆಟಲ್‌ನಲ್ಲಿ ಕಾಯಿಸಿದ ಬಿಸಿನೀರಿಗೆ ಗೊಜ್ಜವಲಕ್ಕಿ ಪುಡಿ, ಅಷ್ಟೇ. ಅಪ್ಪ-ಅಮ್ಮ ಊರಿಂದ ಹೊರಡುವಾಗ ಹುಳಿಪುಡಿ, ಚಟ್ನಿಪುಡಿ ತರಲಿ. ತುಪ್ಪ, ಪೇಡಾ ತರಬೇಡಿ ಅಂತ ಹೇಳಿ, ಹಾಲಿನ ಪದಾರ್ಥ ಭಾರತದಿಂದ ಇಲ್ಲಿಗೆ ತರುವ ಹಾಗಿಲ್ಲ.

ಛತ್ರಿ ನಂಬಬೇಡಿ, ಗಾಳಿಗೆ ತಿರುವಿಕೊಳ್ಳುತ್ತದೆ. ಟೋಪಿ ಇರುವ ಮಳೆಕೋಟು ತೊಗೊಳ್ಳಿ. ಸ್ಪೈಕ್ ಐಲೆಂಡ್‌ಗೆ ಕೆನಡಿ ಪಿಯರ್‌ನಿಂದ ದೋಣಿ ಹೋಗುತ್ತದೆ. ನಕ್ಷತ್ರದ ಆಕಾರದ ದೊಡ್ಡ ಕೋಟೆ, ಆಮೇಲೆ ಜೈಲಾಗಿತ್ತು. ನಮಗೆ ತುಂಬಾ ಇಷ್ಟ ಆಯಿತು. ಆದರೆ ಏರು, ಗಾಳಿ, ಗಂಟೆಗಟ್ಟಲೆ ನಡಿಗೆ. ನಿಮ್ಮಮ್ಮನಿಗೆ ಬೇಡ.

ಮೈಸೂರಿನಿಂದ

ನಾನು ನಿಮ್ಮ ತಂದೆಯ ವಯಸ್ಸಿನವನು. ಮಗಳ ಮನೆಗೆ ಹೋದಾಗ ಕೋವ್‌ಗೆ ಹೋಗಿದ್ದೆ. ಎಲ್ಲರೂ ಟೈಟಾನಿಕ್ ಅಂತಾರೆ, ನಾನು ಬೇರೆ ಒಂದು ಮಾತು ಹೇಳುತ್ತೇನೆ.

ಅದು ಕಳುಹಿಸಿಕೊಟ್ಟವರ ಊರು. 1848ರಿಂದ 1950ರವರೆಗೆ ಐರ್ಲೆಂಡ್ ಬಿಟ್ಟು ಹೋದವರು 60 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಸುಮಾರು 25 ಲಕ್ಷ ಜನ ಹಡಗು ಹತ್ತಿದ್ದು ಈ ಒಂದು ಸಣ್ಣ ಊರಿನಿಂದ. ಮೊದಲು ಆಲೂಗಡ್ಡೆ ಬೆಳೆ ಕೊಳೆತು ಬಂದ ಬರಗಾಲ, ಆಮೇಲೆ ಬಡತನ. ಮಗನೋ ಮಗಳೋ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಮನೆಯವರು, ನೆರೆಯವರು ಸೇರಿ ಬೆಳಗಾಗುವ ತನಕ ಎದ್ದಿರುತ್ತಿದ್ದರಂತೆ. ಸಾವಿನ ಮನೆಯಲ್ಲಿ ಹೆಣದ ಪಕ್ಕ ಕೂರುವ ಪದ್ಧತಿ ಅವರಲ್ಲಿ ಇದೆಯಲ್ಲ, ಅದನ್ನೇ ಬದುಕಿರುವವರಿಗೆ ಮಾಡುತ್ತಿದ್ದರು. ಮತ್ತೆ ಮುಖ ನೋಡುವುದಿಲ್ಲ ಅಂತ ಎರಡೂ ಕಡೆಯವರಿಗೆ ಗೊತ್ತಿತ್ತು.

ಹೆರಿಟೇಜ್ ಸೆಂಟರಿನಲ್ಲಿ ಇದನ್ನೆಲ್ಲ ಚೆನ್ನಾಗಿ ಹೇಳಿದ್ದಾರೆ. ಹೊರಗೆ ದಡದಲ್ಲಿ ಆ್ಯನಿ ಮೂರ್ ಅನ್ನುವ ಹುಡುಗಿಯ ಪ್ರತಿಮೆ ಇದೆ. ಜೊತೆಗೆ ಇಬ್ಬರು ಪುಟ್ಟ ತಮ್ಮಂದಿರು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ಕೇಂದ್ರ ತೆರೆದಾಗ ಮೊದಲು ಒಳಗೆ ಹೋದವಳು ಅವಳೇ. ತಮ್ಮಂದಿರನ್ನು ಕರೆದುಕೊಂಡು ಆಗಲೇ ಅಲ್ಲಿದ್ದ ಅಪ್ಪ-ಅಮ್ಮನ ಹತ್ತಿರ ಹೊರಟಿದ್ದಳು. ಪ್ರತಿಮೆಯಲ್ಲಿ ಅವಳು ಹಿಂದಕ್ಕೆ ತಿರುಗಿ ನೋಡುತ್ತಿದ್ದಾಳೆ. ನಾನು ಅಲ್ಲಿ ತುಂಬಾ ಹೊತ್ತು ನಿಂತೆ. ನನ್ನ ಮಗಳು ಮೊದಲ ಸಲ ಹೊರಟಾಗ ಏರ್‌ಪೋರ್ಟ್ ಗಾಜಿನ ಆಚೆಯಿಂದ ಹೀಗೇ ಒಮ್ಮೆ ತಿರುಗಿದ್ದಳು. ನಾವಾದರೂ ರಾತ್ರಿ ವಿಡಿಯೋ ಕಾಲ್ ಮಾಡಿದೆವು. ಆ ತಾಯಂದಿರಿಗೆ ಒಂದು ಕಾಗದ ಬರಬೇಕಾದರೆ ವಾರಗಟ್ಟಲೆ ಕಾಯಬೇಕಿತ್ತು.

ನಿಮ್ಮ ತಂದೆತಾಯಿಗೂ ಅಲ್ಲಿ ಏನಾದರೂ ಅನ್ನಿಸಬಹುದು. ಅವಸರ ಮಾಡಬೇಡಿ. ಫೋಟೋ ತೆಗೆದು ಹೊರಡಿ ಅನ್ನಬೇಡಿ.

ಟೈಟಾನಿಕ್ ಮ್ಯೂಸಿಯಂ ಇರುವುದು ಆ ಹಡಗು ಕಂಪನಿಯ ಹಳೆಯ ಟಿಕೆಟ್ ಕಚೇರಿಯಲ್ಲೇ. 1912ರ ಏಪ್ರಿಲ್ 11ರಂದು ಹಡಗು ದಡಕ್ಕೆ ಬರಲಿಲ್ಲ, ಬಂದರಿನ ಬಾಯಲ್ಲಿ ಲಂಗರು ಹಾಕಿತ್ತು. ಇಲ್ಲಿಂದ 123 ಜನರನ್ನು ಚಿಕ್ಕ ಹಡಗುಗಳಲ್ಲಿ ಕರೆದುಕೊಂಡು ಹೋದರು. ಮೊದಲ ದರ್ಜೆಗೆ ಮೂವರು, ಎರಡನೆಯದಕ್ಕೆ ಏಳು, ಉಳಿದ 113 ಜನ ಮೂರನೇ ದರ್ಜೆ. ನಿಮಗೆ ಕೊಡುವ ಟಿಕೆಟಿನಲ್ಲಿ ಅವರಲ್ಲಿ ಒಬ್ಬರ ಹೆಸರು ಇರುತ್ತದೆ. ಅವರು ಉಳಿದರೋ ಇಲ್ಲವೋ ಅಂತ ಕೊನೆಗೆ ಗೊತ್ತಾಗುತ್ತದೆ. ನನ್ನ ಟಿಕೆಟಿನವರು ಉಳಿದಿರಲಿಲ್ಲ. ಅವರು ನಡೆದು ಹೋದ ಮರದ ಕಟ್ಟೆಯ ಕಂಬಗಳು ಕಚೇರಿಯ ಹಿಂದೆ ನೀರಿನಲ್ಲಿ ಇನ್ನೂ ನಿಂತಿವೆ. ಅದನ್ನು ತೋರಿಸಿ.

ಕಾರ್ಕ್‌ನಿಂದ

ಸರ್, ಓದಿ ಮನಸ್ಸು ತುಂಬಿ ಬಂತು. ಇದರ ಜೊತೆಗೆ ಇನ್ನೊಂದು ಸೇರಿಸುತ್ತೇನೆ. ಕೇಸ್‌ಮೆಂಟ್ ಚೌಕದಲ್ಲಿ ದೇವದೂತೆಯ ಪ್ರತಿಮೆ, ಅದರ ಕೆಳಗೆ ದುಃಖದಲ್ಲಿರುವ ಇಬ್ಬರು ಮೀನುಗಾರರು ಇದ್ದಾರೆ. ಅದು ಲುಸಿಟಾನಿಯಾ ಸ್ಮಾರಕ. 1915ರ ಮೇ 7ರಂದು ಜರ್ಮನ್ ಸಬ್‌ಮರೀನ್ ಆ ಹಡಗನ್ನು ಮುಳುಗಿಸಿದಾಗ ಸುಮಾರು 1,200 ಜನ ಸತ್ತರು. ಬದುಕಿದವರನ್ನೂ ಹೆಣಗಳನ್ನೂ ತಂದದ್ದು ಇದೇ ದಡಕ್ಕೆ. ಊರಿನ ಹೊರಗಿನ ಹಳೆಯ ಸ್ಮಶಾನದಲ್ಲಿ ಅವರ ಸಾಮೂಹಿಕ ಸಮಾಧಿಗಳಿವೆ.

ದಡದಲ್ಲಿ ಕೂತರೆ ಎದುರಿಗೆ ಹಾಲ್‌ಬೌಲೈನ್ ದ್ವೀಪ, ಐರಿಷ್ ನೌಕಾಪಡೆಯ ನೆಲೆ, ಕಾಣುತ್ತದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಈ ಕರಾವಳಿಯ ಆಚೆ ಬಾಂಬಿಗೆ ಸಿಡಿದು 329 ಜನ ಹೋದರಲ್ಲ, ಆಗ ಈ ನೌಕಾಪಡೆಯ ಆಶ್ಲಿಂಗ್ ಹಡಗಿನವರು ಸಮುದ್ರದಿಂದ ನಮ್ಮವರ ದೇಹಗಳನ್ನು ಎತ್ತಿದರು. ಸಿಕ್ಕಿದ್ದು 131 ಮಾತ್ರ. ಅವನ್ನು ಕಾರ್ಕ್ ಆಸ್ಪತ್ರೆಗೆ ತಂದರು. ಪಶ್ಚಿಮ ಕಾರ್ಕಿನ ಅಹಕಿಸ್ಟಾ ಅನ್ನುವ ಹಳ್ಳಿಯಲ್ಲಿ ಸಮುದ್ರದ ಪಕ್ಕ ಸ್ಮಾರಕ ಇದೆ. ಪ್ರತಿ ವರ್ಷ ಅದೇ ದಿನ ಊರಿನವರೂ ಸೇರುತ್ತಾರೆ. ಕಾರಿನಲ್ಲಿ ಇಲ್ಲಿಂದ ಸುಮಾರು ಎರಡು ಗಂಟೆ. ನಿಮ್ಮ ಅಪ್ಪನಿಗೆ ಆ ಸುದ್ದಿ ಚೆನ್ನಾಗಿ ನೆನಪಿರುತ್ತದೆ.

ಡಬ್ಲಿನ್‌ನಿಂದ (ಕೇಳಿದವರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ದಿನದಲ್ಲಿ ಹೋಗಿ ಬರೋಣ ಅಂತಿದ್ದೆ. ಈಗ ಶನಿವಾರ, ಭಾನುವಾರ ಎರಡೂ ರಾತ್ರಿಗೆ ನೆಲಮಹಡಿಯ ರೂಮು ಹೇಳಿದ್ದೇನೆ, ಫೋನ್ ಮಾಡಿ ಕೇಳಿಯೇ. ಅಪ್ಪನಿಗೆ ಕನಿಷ್ಕದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಆ ಹಳ್ಳಿಗೂ ಹೋಗೋಣ ಕಣಮ್ಮ’ ಅಂದರು. ಅಲ್ಲಿಗೆ ಬಸ್ಸು ಸಿಗುತ್ತಾ?

ಕಾರ್ಕ್‌ನಿಂದ

ಬಸ್ಸಿನ ಯೋಚನೆ ಬೇಡ. ಆ ಸೋಮವಾರ ನನಗೆ ರಜಾ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಕೋವ್ ಸ್ಟೇಷನ್ ಮುಂದೆ ಕಾರು ತರುತ್ತೇನೆ. ಮಧ್ಯಾಹ್ನಕ್ಕೆ ಚಿತ್ರಾನ್ನ, ಮೊಸರನ್ನ ನಮ್ಮ ಮನೆಯಿಂದ. ಅಮ್ಮನಿಗೆ ಮುಂದಿನ ಸೀಟು.