ತಾಣ ಸರಿಯಾದರೂ ಖಾಯಂ ಗಿರಾಕಿಗಳನ್ನು ಬ್ರೌಸರ್ ಹಳೆಯ ವಿಳಾಸಕ್ಕೇ ಕಳಿಸುತ್ತಿದೆ

ಪ್ರಶ್ನೆ (ಬಸವನಗುಡಿಯಿಂದ)

ಗಾಂಧಿ ಬಜಾರಿನ ಬಳಿ ನಮ್ಮ ಚಿಕ್ಕಪ್ಪನವರ ಪುಸ್ತಕದ ಅಂಗಡಿಯಿದ್ದು, ಅದರ ಜಾಲತಾಣವನ್ನು ನಾನೇ ನೋಡಿಕೊಳ್ಳುತ್ತೇನೆ. ತಾಣವನ್ನು ಹೊಸದಾಗಿ ಕಟ್ಟುತ್ತಿದ್ದ ಮೂರು ವಾರ, ಮುಖ್ಯ ವಿಳಾಸಕ್ಕೆ ಬಂದವರನ್ನೆಲ್ಲ ಒಂದು ತಾತ್ಕಾಲಿಕ ಸಬ್‌ಡೊಮೈನಿಗೆ (ಮುಖ್ಯ ವಿಳಾಸದ ಮುಂದೆ ಬೇರೊಂದು ಪದ ಸೇರಿಸಿದ ಉಪವಿಳಾಸಕ್ಕೆ) ರೀಡೈರೆಕ್ಟ್ ಮಾಡಿದ್ದೆ, ಅಂದರೆ ತಾನಾಗಿಯೇ ಅಲ್ಲಿಗೆ ಹೋಗುವಂತೆ ಮಾಡಿದ್ದೆ. ಕೆಲಸ ಮುಗಿದ ಮೇಲೆ ಆ ನಿಯಮವನ್ನೂ ಸಬ್‌ಡೊಮೈನನ್ನೂ ಅಳಿಸಿದೆ. ಹೊಸಬರಿಗೆ ತಾಣ ಚೆನ್ನಾಗಿಯೇ ತೆರೆಯುತ್ತಿದೆ. ಆದರೆ ಆ ಮೂರು ವಾರಗಳಲ್ಲಿ ಒಮ್ಮೆಯಾದರೂ ಬಂದಿದ್ದವರು, ಅಂದರೆ ನಮ್ಮ ಖಾಯಂ ಗಿರಾಕಿಗಳೇ, ಈಗ ಇಲ್ಲದ ಆ ಸಬ್‌ಡೊಮೈನಿಗೆ ಹೋಗಿ ‘ತಾಣ ಸಿಗುತ್ತಿಲ್ಲ’ ಎಂಬ ಸಂದೇಶ ನೋಡುತ್ತಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲೂ ಇದೇ ಪಾಡು. ಪುಟವನ್ನು ಹೊಸದಾಗಿ ತರಿಸಲು ಕಂಟ್ರೋಲ್-ಶಿಫ್ಟ್-ಆರ್ ಒತ್ತಿದೆ, ಡಿಎನ್‌ಎಸ್ ಕ್ಯಾಷ್ (ತಾಣದ ಹೆಸರು ಯಾವ ಸರ್ವರಿನದೆಂದು ಕೂಡಿಟ್ಟ ಪಟ್ಟಿ) ತೆರವು ಮಾಡಿದೆ, ರೌಟರನ್ನೂ ಆರಿಸಿ ಹಾಕಿದೆ. ರಾಜ್ಯೋತ್ಸವದ ರಿಯಾಯಿತಿ ಮಾರಾಟ ಹತ್ತಿರವಾಗುತ್ತಿದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸುವುದೊಂದೇ ದಾರಿಯೇ?

ಉತ್ತರ 1

ನೀವು ಬರೆದ ನಿಯಮ 301 ಆಗಿದ್ದಿರಬೇಕು. 301 ಎಂಬುದು ರೀಡೈರೆಕ್ಟ್ ಮಾಡುವಾಗ ಸರ್ವರ್ ಕೊಡುವ ಉತ್ತರದ ಸಂಕೇತ; ‘ಶಾಶ್ವತವಾಗಿ ಸ್ಥಳಾಂತರವಾಗಿದೆ’ ಎಂದರ್ಥ. ಅವಧಿಯನ್ನು ಬೇರೆಯಾಗಿ ಹೇಳದಿದ್ದರೂ ಇಂಥ ಉತ್ತರವನ್ನು ಬ್ರೌಸರ್ ಕೂಡಿಟ್ಟುಕೊಳ್ಳಬಹುದು ಎಂದು ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಾವಳಿಯಾದ ಎಚ್‌ಟಿಟಿಪಿಯ ಮಾನಕವೇ (2022ರ ಆರ್‌ಎಫ್‌ಸಿ 9110) ಅನುಮತಿಸುತ್ತದೆ. ತಾತ್ಕಾಲಿಕ ಸ್ಥಳಾಂತರದ ಸಂಕೇತಗಳಾದ 302 ಮತ್ತು 307 ಹಾಗಲ್ಲ. ಸರ್ವರ್ ಸ್ಪಷ್ಟವಾಗಿ ಹೇಳಿದರೆ ಮಾತ್ರ ಅವು ಕ್ಯಾಷ್ (ಬ್ರೌಸರ್ ಕೂಡಿಟ್ಟುಕೊಳ್ಳುವ ಪ್ರತಿಗಳ ಸಂಗ್ರಹ) ಸೇರುತ್ತವೆ. ಮೂರು ವಾರದ ಕೆಲಸಕ್ಕೆ 302 ಸಾಕಿತ್ತು.

ಕಂಟ್ರೋಲ್-ಶಿಫ್ಟ್-ಆರ್ ಏಕೆ ಫಲಿಸಲಿಲ್ಲವೆಂದರೆ, ನೀವು ಅದನ್ನು ಒತ್ತುವ ಹೊತ್ತಿಗೆ ವಿಳಾಸಪಟ್ಟಿಯಲ್ಲಿ ಸಬ್‌ಡೊಮೈನಿನ ವಿಳಾಸ ಬಂದು ಕುಳಿತಿರುತ್ತದೆ. ಹೊಸದಾಗಿ ತರಿಸಿಕೊಳ್ಳುವುದು ಆ ಪುಟವನ್ನೇ ಹೊರತು ದಾರಿ ತಪ್ಪಿಸಿದ ಮೊದಲ ವಿಳಾಸವನ್ನಲ್ಲ. ಕ್ರೋಮ್‌ನಲ್ಲಿ ಖಾಲಿ ಟ್ಯಾಬ್ ತೆರೆದು, ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ಆಮೇಲೆ ಮುಖ್ಯ ವಿಳಾಸವನ್ನು ಟೈಪ್ ಮಾಡಿ. 301ರ ಸಾಲಿನಲ್ಲಿ ‘ಡಿಸ್ಕ್ ಕ್ಯಾಷ್’ ಎಂದು ಕಂಡರೆ ಬ್ರೌಸರ್ ನಿಮ್ಮ ಸರ್ವರನ್ನು ಕೇಳಿಯೇ ಇಲ್ಲ. ಅಲ್ಲಿಯೇ ‘ಡಿಸೇಬಲ್ ಕ್ಯಾಷ್’ ಗುರುತು ಹಾಕಿ ಮತ್ತೊಮ್ಮೆ ಅದೇ ವಿಳಾಸಕ್ಕೆ ಹೋಗಿ. ಸೆಟ್ಟಿಂಗ್ಸ್ ಮೂಲಕ ಕ್ಯಾಷ್ ಅಳಿಸುವುದಾದರೆ ಕಾಲಾವಧಿಯನ್ನು ‘ಆಲ್ ಟೈಮ್’ ಎಂದು ಆಯ್ದುಕೊಳ್ಳಿ; ಇಲ್ಲವಾದರೆ ವಾರಗಳ ಹಿಂದಿನ ದಾಖಲೆ ಹಾಗೆಯೇ ಉಳಿಯುತ್ತದೆ.

ಉತ್ತರ 2

ಮೇಲಿನದು ನಿಮ್ಮ ಲ್ಯಾಪ್‌ಟಾಪಿಗಾಯಿತು. ಗಿರಾಕಿಗಳ ಮಾತೇ ಬೇರೆ. ಅವರ ಬ್ರೌಸರ್ ಮುಖ್ಯ ಸರ್ವರಿನ ಬಾಗಿಲಿಗೇ ಬರುತ್ತಿಲ್ಲವಾದ್ದರಿಂದ ಅಲ್ಲಿ ಏನು ತಿದ್ದಿದರೂ ಅವರಿಗೆ ತಲುಪದು. ಅವರು ಈಗ ಹೋಗುತ್ತಿರುವುದು ನೀವು ಅಳಿಸಿದ ಸಬ್‌ಡೊಮೈನಿಗೆ. ಅವರನ್ನು ಹಿಡಿಯಬಹುದಾದ ಜಾಗವೂ ಅದೊಂದೇ. ಆದ್ದರಿಂದ ಮೊದಲು ಅದನ್ನು ಮತ್ತೆ ಸ್ಥಾಪಿಸಿ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಮರೆಯಬೇಡಿ, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪತ್ರ ಸಾಕು. ಅದಿಲ್ಲದಿದ್ದರೆ ಗಿರಾಕಿಗೆ ಸುರಕ್ಷತೆಯ ಎಚ್ಚರಿಕೆ ಕಂಡು ಇನ್ನಷ್ಟು ಗಾಬರಿಯಾಗುತ್ತದೆ.

ಬಳಿಕ ಅಲ್ಲಿಂದ ಮುಖ್ಯ ತಾಣಕ್ಕೆ 302 ಕೊಡಿ, ಆದರೆ ಅದೇ ವಿಳಾಸಕ್ಕಲ್ಲ. ಅದೇ ವಿಳಾಸಕ್ಕೆ ಕಳಿಸಿದರೆ ಕ್ಯಾಷ್‌ನಲ್ಲಿರುವ 301 ಮರಳಿ ಸಬ್‌ಡೊಮೈನಿಗೆ ನೂಕುತ್ತದೆ, ಅದು ಮತ್ತೆ ಇತ್ತ ನೂಕುತ್ತದೆ, ಇಪ್ಪತ್ತು ಸುತ್ತಿನ ನಂತರ ಬ್ರೌಸರ್ ಕೈಚೆಲ್ಲುತ್ತದೆ. ವಿಳಾಸದ ತುದಿಗೆ ಪ್ರಶ್ನಾರ್ಥಕ ಚಿಹ್ನೆಯಿಟ್ಟು ಯಾವುದಾದರೊಂದು ಪದ ಸೇರಿಸಿ. ಕ್ಯಾಷ್ ಪೂರ್ತಿ ವಿಳಾಸವನ್ನೇ ಹೋಲಿಸಿ ನೋಡುವುದರಿಂದ ಬ್ರೌಸರಿಗೆ ಅದು ಹೊಸ ವಿಳಾಸ. ಕೊನೆಗೂ ನಿಮ್ಮ ಸರ್ವರನ್ನು ಕೇಳುತ್ತದೆ. ಆಗ ಉತ್ತರದ ಜೊತೆ ‘ಕ್ಲಿಯರ್-ಸೈಟ್-ಡೇಟಾ’ ಎಂಬ ಹೆಡರಿನಲ್ಲಿ (ಸರ್ವರ್ ಬ್ರೌಸರಿಗೆ ಕೊಡುವ ಸೂಚನೆಯಲ್ಲಿ) ‘ಕ್ಯಾಷ್’ ಎಂಬ ಮೌಲ್ಯವನ್ನು ಕಳಿಸಿದರೆ ಆ ತಾಣದ ಹಳೆಯ ದಾಖಲೆಗಳು ಅಳಿಯುತ್ತವೆ. ಎಲ್ಲ ಬ್ರೌಸರುಗಳೂ ಇದನ್ನು ಒಂದೇ ರೀತಿ ಪಾಲಿಸುವುದಿಲ್ಲ, ಆದರೂ ಪಾಲಿಸದವರಿಗೆ 302ರ ಸುತ್ತುದಾರಿ ಇದ್ದೇ ಇದೆ. ‘ಕುಕೀಸ್’ ಎಂಬ ಮೌಲ್ಯವನ್ನು ಮಾತ್ರ ಸೇರಿಸಬೇಡಿ. ಲಾಗಿನ್ ಆದವರೆಲ್ಲ ಹೊರಬೀಳುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿಯಮ 301 ಆಗಿದ್ದುದು ನಿಜ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ್ದೆ. ಸಬ್‌ಡೊಮೈನನ್ನು ಮತ್ತೆ ಎಬ್ಬಿಸಿ 302 ಹಾಕಿದ ಮೇಲೆ ಚಿಕ್ಕಪ್ಪನವರ ಫೋನಿನಲ್ಲಿ, ಅದನ್ನು ನಾನು ಮುಟ್ಟದೆಯೇ, ತಾಣ ತೆರೆಯಿತು. ಒಂದು ಅನುಮಾನ: ಮುಂದೆ ನಿಜಕ್ಕೂ 301 ಬೇಕಾದಾಗ ಏನು ಮಾಡಬೇಕು? ನಮ್ಮ ಸರ್ವರ್ ತಂತ್ರಾಂಶವಾದ ಅಪಾಚೆಯಲ್ಲಿ, ಎಷ್ಟು ಹೊತ್ತು ಕೂಡಿಟ್ಟುಕೊಳ್ಳಬಹುದೆಂದು ಹೇಳುವ ‘ಕ್ಯಾಷ್-ಕಂಟ್ರೋಲ್’ ಹೆಡರ್ ಹಾಕಿದರೂ ರೀಡೈರೆಕ್ಟ್ ಉತ್ತರದಲ್ಲಿ ಅದು ಕಾಣುತ್ತಿಲ್ಲ.

ಉತ್ತರ 2 ಬರೆದವರು

ಅಪಾಚೆಯಲ್ಲಿ ‘ಹೆಡರ್ ಸೆಟ್’ ಎಂದಷ್ಟೇ ಬರೆದರೆ ಅಂಥ ಉತ್ತರಗಳಿಗೆ ಅದು ಸೇರುವುದಿಲ್ಲ. ‘ಹೆಡರ್ ಆಲ್ವೇಸ್ ಸೆಟ್’ ಎಂದು ಬರೆಯಬೇಕು. ಅವಧಿಯನ್ನು ಮೊದಲು 3600 ಸೆಕೆಂಡು, ಅಂದರೆ ಒಂದು ಗಂಟೆಗೆ ಮಿತಿಗೊಳಿಸಿ, ಕೆಲವು ದಿನ ನೋಡಿಕೊಂಡು ಹೆಚ್ಚಿಸಿ. ಸಬ್‌ಡೊಮೈನನ್ನು ಈ ವರ್ಷವಂತೂ ತೆಗೆಯಬೇಡಿ. ಕ್ಯಾಷ್ ಅಳಿಸುವ ಹೆಡರನ್ನು ಮಾತ್ರ ಮಾರಾಟ ಮುಗಿದೊಡನೆ ತೆಗೆದುಬಿಡಿ, ಇಲ್ಲವಾದರೆ ಆ ದಾರಿಯಲ್ಲಿ ಬಂದವರ ಬ್ರೌಸರ್ ಪ್ರತಿ ಸಲವೂ ಮುಖಪುಟದ ಚಿತ್ರಗಳನ್ನೆಲ್ಲ ಹೊಸದಾಗಿ ಇಳಿಸಿಕೊಳ್ಳಬೇಕಾಗುತ್ತದೆ.